ಹಲ್ಲಿನ ಡಾಕ್ಟರ ಮಕ್ಕಳಿಗೆ ಇಂಗ್ಲಿಷ್ ಪಾಠ

ಪತ್ರಿಕೆ ಓದುವಾಗ ಸಾಲಿನ ಕೆಳಗೆ ಬೆರಳು ಇಟ್ಟುಕೊಳ್ಳುವುದು ನನ್ನ ಹಳೆಯ ಚಾಳಿ. ಕನ್ನಡಕ ಎಷ್ಟೋ ಸಲ ಬದಲಾಯಿತು, ಪತ್ರಿಕೆಯೂ ಬದಲಾಯಿತು, ಬೆರಳು ಮಾತ್ರ ಅದೇ. ಸ್ವಲ್ಪ ಸೊಟ್ಟಗಾಗಿದೆ, ಅಷ್ಟೆ. ಒಂದನೇ ಕ್ಲಾಸಿನ ಮಕ್ಕಳು ಹೀಗೆ ಓದುವುದು ಎಂದು ಮೊಮ್ಮಗಳು ನಗುತ್ತಾಳೆ. ಇನ್ನೊಂದು ಚಾಳಿಯೂ ಇದೆ. ಯಾರಾದರೂ ಮನೆಗೆ ಬಂದು, ಇಂಥವರ ಮಗ ಹೀಗಂತೆ, ಸೊಸೆ ಹಾಗಂತೆ ಎಂದು ಶುರು ಮಾಡಿದರೆ, ಅದು ಎಲ್ಲಿದೆ ತೋರಿಸಿ ಎಂದು ಕೇಳಿಬಿಡುತ್ತೇನೆ. ಇದರಿಂದ ನಮ್ಮ ಮನೆಗೆ ಬರುವವರ ಸಂಖ್ಯೆ ಕಡಿಮೆಯಾಗಿದೆ ಎಂಬುದು ಮಗನ ದೂರು. ಬಂದವರು ಬೇಗ ಹೋಗುತ್ತಾರೆ ಎಂಬುದು ಸೊಸೆಯ ಸಮಾಧಾನ.

ಈ ಎರಡೂ ಚಾಳಿ ನನಗೆ ಅಂಟಿದ್ದು ಕುಂದಾಪುರದಲ್ಲಿ, ಇಬ್ಬರು ಚೀನೀ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಾಗ. ಹೀಗೆಂದರೆ ಅಜ್ಜಿಗೆ ಅರಳುಮರುಳು ಶುರುವಾಯಿತು ಎಂದು ನೀವೂ ಅಂದುಕೊಳ್ಳಬಹುದು. ಆದರೆ ಅದು ಯುದ್ಧದ ಕಾಲ. ಎಲ್ಲಿಯವರೋ ಎಲ್ಲಿಗೋ ಬಂದು ಬೀಳುತ್ತಿದ್ದ ಕಾಲ. ರಂಗೂನಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಚೀನೀ ಹಲ್ಲಿನ ಡಾಕ್ಟರೊಬ್ಬರು ಬಾಂಬು ಬಿದ್ದ ಮೇಲೆ ಊರು ಬಿಟ್ಟು, ಕಲ್ಕತ್ತ, ಮದರಾಸು, ಮಂಗಳೂರು ಎಂದು ಸುತ್ತಿ, ಮಂಗಳೂರಿನಲ್ಲಿ ಆಗಲೇ ಬೇರೆ ಹಲ್ಲಿನ ಡಾಕ್ಟರು ಇದ್ದುದರಿಂದ ನಮ್ಮೂರಿಗೆ ಬಂದರು. ಹೆಂಡತಿ ರಂಗೂನಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಜೊತೆಗೆ ಇದ್ದದ್ದು ಹದಿನಾರರ ಮಗಳು ಸೂಯಿಂಗ್ ಮತ್ತು ಅವಳಿಗಿಂತ ಎರಡು ವರ್ಷಕ್ಕೆ ಸಣ್ಣವನಾದ ತಮ್ಮ ಕಾಯ್‌ಮಿಂಗ್. ಪೇಟೆಯ ರಸ್ತೆಯಲ್ಲಿ ಒಂದು ಕೋಣೆ ಹಿಡಿದು, ಬಾಗಿಲ ಮೇಲೆ ಒಂದು ದವಡೆಯಷ್ಟು ಹಲ್ಲಿನ ಚಿತ್ರ ಬರೆಸಿ ಹಲಗೆ ತೂಗುಹಾಕಿದರು. ಸಂತೆಯ ದಿನ ಬೈಂದೂರಿಗೋ ಬ್ರಹ್ಮಾವರಕ್ಕೋ ಚೀಲ ಹಿಡಿದು ಹೋಗುತ್ತಿದ್ದರು. ಆ ಹಲಗೆಯ ಕೆಳಗೆ ಹಾದುಹೋಗುವಾಗ ಸಣ್ಣ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ನಮ್ಮ ಮನೆಗೂ ಅವರಿಗೂ ನಂಟು ಬೆಳೆದದ್ದು ದೊಡ್ಡಪ್ಪನ ಹಲ್ಲಿನಿಂದ. ದೊಡ್ಡಪ್ಪನಿಗೆ ಶಂಕರನಾರಾಯಣ ಎಂಬ ಊರಿನ ಕಡೆ ಗದ್ದೆ, ಕುಂದಾಪುರದಲ್ಲಿ ಮನೆ. ಆದರೆ ಜನ ಅವರನ್ನು ಗುರುತಿಸುತ್ತಿದ್ದದ್ದು ಗದ್ದೆಯಿಂದಲ್ಲ, ತಾಳಮದ್ದಳೆಯಿಂದ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸಿದರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ಆಯಾ ಪಾತ್ರದ ಬಾಯಲ್ಲಿ ಬೆಳೆಸುತ್ತಾ ಹೋಗುತ್ತಾರಲ್ಲ, ಅದರಲ್ಲಿ ದೊಡ್ಡಪ್ಪನದು ಎತ್ತಿದ ಕೈ. ಎರಡು ಸಾಲಿನ ಪದ್ಯಕ್ಕೆ ಒಂದು ಗಂಟೆ ಅರ್ಥ ಹೇಳಿ, ಎದುರಾಳಿ ಅರ್ಧಕ್ಕೇ ನೀರು ಕುಡಿಯುವ ಹಾಗೆ ಮಾಡುತ್ತಿದ್ದರು. ಇಂಥವರ ಮುಂದಿನ ಹಲ್ಲುಗಳೆಲ್ಲ ಒಂದೇ ವರ್ಷದಲ್ಲಿ ಉದುರಿದವು. ಮಹಾರಾಜನ ಅರ್ಥ ಹೇಳಿದರೂ ಅಜ್ಜನ ಗೊಣಗಾಟದ ಹಾಗೆ ಕೇಳಿಸುತ್ತಿತ್ತು. ಚೀನೀ ಡಾಕ್ಟರು ಅಚ್ಚು ತೆಗೆದು ಹೊಸ ಹಲ್ಲು ಕೂರಿಸಿದರು. ಅಚ್ಚು ತೆಗೆಯುವಾಗ ಬಾಯಿ ತುಂಬ ಮೇಣ ಇಟ್ಟುಕೊಂಡು ದೊಡ್ಡಪ್ಪ ಮಾತಿಲ್ಲದೆ ಕುಳಿತದ್ದನ್ನು ನೋಡಲು ಮನೆಮಂದಿಯೆಲ್ಲ ಹೋಗಿದ್ದೆವು.

ಹಲ್ಲು ಸರಿಯಾಗಿ ಕೂತ ದಿನ ದೊಡ್ಡಪ್ಪ, ತಾನು ಡಾಕ್ಟರಿಗೆ ಏನು ಉಪಕಾರ ಮಾಡಬಹುದು ಎಂದು ಕೇಳಿದರು. ಮಕ್ಕಳಿಗೆ ಇಂಗ್ಲಿಷ್ ಓದಿ ತಿಳಿದುಕೊಳ್ಳಲು ಯಾರಾದರೂ ಹೇಳಿಕೊಡಬೇಕು ಎಂದರು ಡಾಕ್ಟರು.

“ಹ್ವಾಯ್ ಡಾಕ್ಟ್ರೆ, ಎಂತ ಹೆದ್ರಬ್ಯಾಡಿ,” ಎಂದರು ದೊಡ್ಡಪ್ಪ ಹೊಸ ಹಲ್ಲಿನಲ್ಲಿ. “ನಮ್ಮನಿ ಹೆಣ್ಣ್ ಇತ್ತಲೆ, ಅದ್ ಹೇಳ್ಕೊಡತ್ತ್.”

ನಮ್ಮನಿ ಹೆಣ್ಣು ಎಂದರೆ ನಾನು. ಹೈಸ್ಕೂಲಿಗೆಂದು ದೊಡ್ಡಪ್ಪನ ಮನೆಯಲ್ಲಿ ಉಳಿದವಳು. ಐದನೇ ಫಾರಂ, ಅಂದರೆ ಈಗಿನ ಹತ್ತನೇ ಕ್ಲಾಸು, ಮುಗಿಯುವಷ್ಟರಲ್ಲಿ ಮದುವೆಯ ಮಾತು ಎದ್ದು ಶಾಲೆ ನಿಂತಿತು. ಆಮೇಲೆ ಜಾತಕ ಕೂಡದೆ ಮದುವೆಯೂ ನಿಂತಿತು. ಹದಿನೆಂಟನೇ ವಯಸ್ಸಿಗೆ ನಾನು ಇಂಗ್ಲಿಷ್ ಬಲ್ಲ ನಿರುದ್ಯೋಗಿಯಾಗಿದ್ದೆ. ಉಪಕಾರ ಸ್ಮರಣೆಗೆ ಕೊಡಲು ಅದಕ್ಕಿಂತ ಸುಲಭವಾದ ವಸ್ತು ಮನೆಯಲ್ಲಿ ಬೇರೆ ಇರಲಿಲ್ಲ.

ಹುಡುಗನಿಗೆ ಹೈಸ್ಕೂಲು ಸೇರಬೇಕಿತ್ತು. ಅವನದು ಅಂಥ ಅವಸರವಲ್ಲ. ಅವಸರವಿದ್ದದ್ದು ಸೂಯಿಂಗ್‌ಗೆ. ಅವಳಿಗೆ ನರ್ಸ್ ಆಗಬೇಕು. ತೆಂಕಣ ಊರೊಂದರ ಮಿಷನ್ ಆಸ್ಪತ್ರೆಯಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದರು. ಅಲ್ಲಿಯ ಮೇಟ್ರನ್ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಬ್ರಹ್ಮಾವರದ ಚಿಕಿತ್ಸಾಲಯಕ್ಕೆ ಬಂದು, ಸೇರಬೇಕೆನ್ನುವವರ ಕೈಗೆ ಒಂದು ಇಂಗ್ಲಿಷ್ ಪುಟ ಕೊಟ್ಟು ಓದಿಸಿ, ಪ್ರಶ್ನೆ ಕೇಳಿ ಆರಿಸುತ್ತಿದ್ದರು. ಆರಿಸದಿದ್ದರೆ ಸೂಯಿಂಗ್ ಕಲ್ಕತ್ತಕ್ಕೆ ಹೋಗಬೇಕು. ಅಲ್ಲಿ ಅವರ ದೂರದ ನೆಂಟರದ್ದೊಂದು ಚಪ್ಪಲಿ ಅಂಗಡಿ. ಅಡುಗೆಗೂ ಮಕ್ಕಳನ್ನು ಎತ್ತಿಕೊಳ್ಳುವುದಕ್ಕೂ ಹುಡುಗಿಯನ್ನು ಕಳಿಸಿ ಎಂದು ಅವರು ಹೇಳಿಕಳಿಸುತ್ತಲೇ ಇದ್ದರು. ಡಾಕ್ಟರು ಕೆಟ್ಟವರಲ್ಲ. ಆದರೆ ಬೆಳೆದ ಮಗಳನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುವುದು ಎಂಬ ಚಿಂತೆ ಅವರಿಗಿತ್ತು.

ಮೊದಲ ದಿನವೇ ನಾನು ಬೆಪ್ಪಾದೆ. ಒಂದು ಪುಟ ಓದಿಕೊಂಡು ಬನ್ನಿ ಎಂದಿದ್ದೆ. ಇಬ್ಬರೂ ಬಂದರು, ನಮಸ್ಕಾರ ಮಾಡಿದರು, ನನಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಆಮೇಲೆ ಏರುದನಿಯಲ್ಲಿ ಇಡೀ ಪುಟವನ್ನು, ಕೆಳಗಿನ ಪ್ರಶ್ನೆಗಳ ಸಮೇತ, ಒಂದಕ್ಷರ ಬಿಡದೆ ಒಪ್ಪಿಸಿದರು. ದೊಡ್ಡಮ್ಮ ಒಳಗಿನಿಂದ ಓಡಿ ಬಂದರು.

“ಮಕ್ಳ್ ಎಂತಕ್ಕೆ ಗ್ವಾಡಿ ಬದಿಗ್ ಮೊಖ ಹಾಕಂಡ್ ನಿಂತದ್ದ್? ನೀನ್ ಬೈದ್ಯಾ?”

ಬೈದಿರಲಿಲ್ಲ. ರಂಗೂನಿನ ಚೀನೀ ಶಾಲೆಯಲ್ಲಿ ಪಾಠ ಒಪ್ಪಿಸುವ ಕ್ರಮವೇ ಹಾಗೆ. ಗುರುವಿನ ಕೈಯಲ್ಲಿರುವ ಪುಸ್ತಕ ಕಾಣಬಾರದೆಂದು ಬೆನ್ನು ಹಾಕಿ ನಿಲ್ಲುವುದು. ಸರಿ, ಆ ಪುಟದಲ್ಲಿ ಏನಿದೆ ಎಂದು ಕೇಳಿದೆ. ಮತ್ತೆ ಬೆನ್ನು ತಿರುಗಿಸಿ ಮೊದಲಿನಿಂದ ಒಪ್ಪಿಸಿದರು. ಕಂಠಪಾಠದಲ್ಲಿ ಅವರನ್ನು ಮೀರಿಸುವವರನ್ನು ನಾನು ಈವರೆಗೂ ಕಂಡಿಲ್ಲ. ಅರ್ಥ ಮಾತ್ರ ಏನೂ ಇಲ್ಲ.

ಆಗ ನನ್ನ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಪದ್ಯ ಇವರ ಬಾಯಲ್ಲಿದೆ, ಇನ್ನು ಬೇಕಾದದ್ದು ಅರ್ಥ. ಅರ್ಥ ಹೇಳುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಲ್ಲಿ ಸ್ವಲ್ಪ ನನ್ನ ಕಥೆ ಹೇಳಬೇಕು. ಭಾನುವಾರ ಮಧ್ಯಾಹ್ನ ನಮ್ಮ ಚಾವಡಿಯಲ್ಲಿ ತಾಳಮದ್ದಳೆಯ ಕೂಟ ಸೇರುತ್ತಿತ್ತು. ಹೆಂಗಸರಿಗೆ ಅಲ್ಲಿ ಜಾಗವಿಲ್ಲ. ನಡುಮನೆಯ ಬಾಗಿಲ ಸಂದಿಯೇ ನಮ್ಮ ಜಾಗ. ಅಲ್ಲಿ ಕೂತು ಕೇಳಿ ಕೇಳಿ ನನಗೆ ದೂತನ ಮಾತು, ರಾಜನ ಮಾತು, ಅಡ್ಡ ಪ್ರಶ್ನೆ, ಅದಕ್ಕೆ ತಿರುಗುಬಾಣ ಎಲ್ಲ ಬಾಯಿಗೆ ಬಂದಿತ್ತು. ಹೇಳುವುದು ಯಾರ ಮುಂದೆ? ಹಟ್ಟಿಯಲ್ಲಿ ಎಮ್ಮೆಯ ಮುಂದೆ ಹೇಳುತ್ತಿದ್ದೆ. ಎಷ್ಟೋ ಸಲ ಅದನ್ನು ವಾದದಲ್ಲಿ ಸೋಲಿಸಿದ್ದೇನೆ. ಅದು ಸೋತೆನೆಂದು ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೆ. ಈಗ ದೇವರೇ ಇಬ್ಬರು ಶ್ರೋತೃಗಳನ್ನು ರಂಗೂನಿನಿಂದ ಕಳಿಸಿದ್ದ.

ಹೀಗಾಗಿ ನಮ್ಮ ಇಂಗ್ಲಿಷ್ ಪಾಠ ತಾಳಮದ್ದಳೆಯ ಕ್ರಮದಲ್ಲಿ ಸಾಗಿತು. ಒಂದು ಪುಟದಲ್ಲಿ, ತೋಟದ ಮುದುಕನೊಬ್ಬ ಆ ದಿನ ಗೇಟನ್ನು ಬೇಗ ಮುಚ್ಚಿದ ಎಂದಿತ್ತು. ಗಾಳಿ ಜೋರಾಗಿತ್ತು, ಒಳಗೆ ಕುರಿಮರಿ ಇತ್ತು ಎಂದು ಮುಂದಿನ ಸಾಲಿನಲ್ಲೇ ಇತ್ತು. ಗೇಟನ್ನು ಯಾಕೆ ಮುಚ್ಚಿದ ಎಂಬುದು ಪ್ರಶ್ನೆ. ಗಾಳಿ, ಕುರಿಮರಿ ಎಂದು ಎರಡು ಮಾತಿನಲ್ಲಿ ಮುಗಿಸಲು ನನಗೆ ಮನಸ್ಸು ಬರಬೇಕಲ್ಲ. ಮುದುಕನ ಸ್ವಾಮಿಭಕ್ತಿ, ಕಾವಲು ಎಂದರೇನು, ಗೇಟು ಇರುವುದು ಒಳಗಿನವರನ್ನು ತಡೆಯಲೋ ಹೊರಗಿನವರನ್ನು ತಡೆಯಲೋ, ಒಡೆಯ ಬಂದು ಗದರಿಸಿದರೆ ಮುದುಕ ಹೇಳಬಹುದಾದ ಉತ್ತರ ಇವನ್ನೆಲ್ಲ ಇಂಗ್ಲಿಷಿನಲ್ಲಿ ಆದಷ್ಟು, ಆಗದಲ್ಲಿ ಕನ್ನಡದಲ್ಲಿ ಹೇಳಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಕಾಯ್‌ಮಿಂಗ್ ಒಡೆಯನಾದ, ಸೂಯಿಂಗ್ ಮುದುಕನಾದಳು. ಮೂರ್ನಾಲ್ಕು ತಿಂಗಳಲ್ಲಿ ಇಬ್ಬರೂ ಕುಂದಾಪ್ರದ ಮಾತು ಕಲಿತರು. ಇಂಗ್ಲಿಷೂ ಸುಮಾರಾಗಿ ಬಂತು. ಅವರಿಗಿಂತ ಹೆಚ್ಚು ಸುಖಪಟ್ಟವಳು ನಾನು. ಹುಡುಗ ಹೈಸ್ಕೂಲು ಸೇರಿದ ಮೇಲಂತೂ ನನ್ನ ಪಾಠದ ಮೇಲೆ ನನಗೆ ಭಾರಿ ಹೆಮ್ಮೆ ಬಂತು. ಅವನನ್ನು ಸೇರಿಸಿಕೊಂಡದ್ದು ಲೆಕ್ಕದಲ್ಲಿ ಜಾಣನಾಗಿದ್ದಕ್ಕೆ ಎಂಬುದು ಆಮೇಲೆ ತಿಳಿಯಿತು.

ಮಳೆಗಾಲಕ್ಕೆ ಮುಂಚೆ ಡಾಕ್ಟರು ಮಗಳನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋದರು. ಸಂಜೆ ಸೂಯಿಂಗ್ ನಮ್ಮ ಜಗಲಿಗೆ ಬಂದು ಕುಳಿತಳು. ಮೇಟ್ರನ್ ಕೊಟ್ಟ ಪುಟದಲ್ಲಿ ಮೊಟ್ಟೆಯ ಬುಟ್ಟಿ ಹೊತ್ತ ಹೆಂಗಸೊಬ್ಬಳು ಸೇತುವೆಯ ಹತ್ತಿರ ಕೂತಳು ಎಂದಿತ್ತಂತೆ. ಯಾಕೆ ಕೂತಳು ಎಂದು ಕೇಳಿದರಂತೆ. ಕಾಲು ನೋಯುತ್ತಿತ್ತು ಎಂದು ಪುಟದಲ್ಲೇ ಇತ್ತು. ಇವಳು ಹೊರೆ ಎಂದರೇನು ಎಂಬಲ್ಲಿಂದ ಶುರು ಮಾಡಿದ್ದಾಳೆ.

“ಅಕ್ಕಾ, ನಾನ್ ಹೇಳ್ತಾ ಇದ್ದೆ. ಅವ್ರ್ ಪುಸ್ತಕ ಮುಚ್ಚಿದ್ರ್,” ಎಂದಳು.

ಒಂದು ಚಮಚ ಎಂದು ಬರೆದ ಔಷಧಿ ಚೀಟಿಯಲ್ಲಿ ಈ ಹುಡುಗಿ ಏನೇನು ಓದುತ್ತಾಳೋ, ಮಳೆ ಕಳೆದ ಮೇಲೆ ಇನ್ನೊಮ್ಮೆ ಬರಲಿ, ಆಗಲೂ ಹೀಗೆಯೇ ಆದರೆ ಬರುವುದು ಬೇಡ ಎಂದು ಮೇಟ್ರನ್ ಹೇಳಿ ಕಳಿಸಿದ್ದರು. ಮುಂದಿನ ಸಲ ಆಗದಿದ್ದರೆ ಕಲ್ಕತ್ತ ಎಂದು ಡಾಕ್ಟರು ಬಸ್ಸಿನಲ್ಲೇ ತೀರ್ಮಾನ ಮಾಡಿದ್ದರು. ಸೂಯಿಂಗ್ ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ದೊಡ್ಡಪ್ಪ ಇದನ್ನೆಲ್ಲ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿಯ ಮುಖ ನೋಡಿ ನಗು ನಿಲ್ಲಿಸಿದರು.

“ಮಗಾ, ನಮ್ ಕೂಟದಾಗೆ ಕೂತವ್ರಿಗೆ ಪದ್ಯ ಗೊತ್ತಿತ್ತ್. ಅವ್ರಿಗ್ ಬೇಕಾದ್ದ್ ಅರ್ಥ. ಆ ಮೇಡಮ್ಮಂಗೆ ಅರ್ಥ ಬ್ಯಾಡ, ಪದ್ಯವೇ ಬೇಕ್. ಯಾರಿಗ್ ಎಂತ ಬೇಕ್ ಅಂದೇಳಿ ಕಾಣದ್ದೆ ಬಾಯ್ ಬಿಡೂಕಾಗ.”

ಅಲ್ಲಿಂದ ಬೆರಳಿನ ಪಾಠ ಶುರುವಾಯಿತು. ಏನು ಉತ್ತರ ಹೇಳಿದರೂ ಅದು ಪುಟದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಆ ಮಾತು ಹೇಳುವಂತಿಲ್ಲ. ಇದ್ದ ಒಂದೇ ಇಂಗ್ಲಿಷ್ ರೀಡರ್ ಪುಸ್ತಕ ಅವರಿಗೆ ಕಂಠಪಾಠವಾಗಿದ್ದರಿಂದ ದಿನಕ್ಕೊಂದು ಹೊಸ ಪುಟವನ್ನು ನಾನೇ ಬರೆಯಬೇಕಾಯಿತು. ನನ್ನ ಇಂಗ್ಲಿಷಿನಲ್ಲಿ ಗಂಗೊಳ್ಳಿಯ ಮೀನು, ಹಟ್ಟಿಯಂಗಡಿಗೆ ಹೋದ ಎತ್ತಿನ ಗಾಡಿ, ಕೊಲ್ಲೂರಿನ ದಾರಿಯಲ್ಲಿ ನಿಂತುಹೋದ ಬಸ್ಸು ಎಲ್ಲ ಬಂದವು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಬಸ್ಸು ಯಾಕೆ ನಿಂತಿತು? ಇದ್ದಿಲು ಮುಗಿದಿತ್ತು. ಮುಗಿಯಿತು ಉತ್ತರ. ಅದರ ಮೇಲೆ ಒಂದು ಮಾತು ಆಡಲು ನನ್ನ ನಾಲಿಗೆ ತುರಿಸುತ್ತಿತ್ತು. ಸೂಯಿಂಗ್ ನನ್ನನ್ನು ನೋಡಿ ಬೆರಳು ತೋರಿಸುತ್ತಿದ್ದಳು. ಯಾರು ಯಾರಿಗೆ ಪಾಠ ಹೇಳುತ್ತಿದ್ದರೋ ಕೊನೆಕೊನೆಗೆ ಗೊತ್ತಾಗುತ್ತಿರಲಿಲ್ಲ.

ಕಾಯ್‌ಮಿಂಗ್ ಈ ಆಟವನ್ನು ಅಡುಗೆಮನೆಗೂ ತಂದ. ಪಕ್ಕದ ಮನೆಯ ಸೊಸೆ ತವರಿಗೆ ಹೋದದ್ದು ಜಗಳವಾಡಿ ಎಂದು ದೊಡ್ಡಮ್ಮ ಹೇಳಿದರೆ, “ಎಲ್ಲಿತ್ತ್ ದೊಡ್ಡಮ್ಮ? ಬೆರಳ್ ಇಡಿ ಕಾಂಬ,” ಎನ್ನುತ್ತಿದ್ದ. ದೊಡ್ಡಮ್ಮ ಸೌಟು ತೋರಿಸುತ್ತಿದ್ದರು.

ಆದರೂ ಭಾನುವಾರ ಕೂಟ ಸೇರಿದಾಗ ಸೂಯಿಂಗ್ ನನ್ನ ಪಕ್ಕ ಬಾಗಿಲ ಸಂದಿಗೆ ಬಂದು ಕೂರುವುದನ್ನು ಬಿಡಲಿಲ್ಲ. ತಿಳಿಯದ ಮಾತಿನ ಅರ್ಥವನ್ನು ನನ್ನ ಕಿವಿಯಲ್ಲಿ ಪಿಸುಗುಟ್ಟಿ ಕೇಳುತ್ತಿದ್ದಳು. ದೊಡ್ಡಪ್ಪ ಎದುರಾಳಿಯನ್ನು ಮಾತಿನ ಮೂಲೆಗೆ ನೂಕಿದಾಗ ನನ್ನ ಕೈ ಹಿಚುಕುತ್ತಿದ್ದಳು.

ಮಳೆ ಕಳೆಯಿತು. ಈ ಸಲ ಡಾಕ್ಟರು ಬರಲಿಲ್ಲ, ನಮ್ಮನ್ನು ಕಳಿಸಿದರು. ದೊಡ್ಡಮ್ಮ ಕಾವಲಿಗೆ, ನಾನು ಧೈರ್ಯಕ್ಕೆ. ಇದ್ದಿಲಿನ ಬಸ್ಸು ಏದುಸಿರು ಬಿಡುತ್ತಾ ಮಾಬುಕಳದವರೆಗೆ ಹೋಯಿತು. ಅಲ್ಲಿ ಇಳಿದು, ದೋಣಿಯಲ್ಲಿ ಹೊಳೆ ದಾಟಿ ಬ್ರಹ್ಮಾವರ ಮುಟ್ಟಿದೆವು. ಚಿಕಿತ್ಸಾಲಯದ ಬೆಂಚಿನಲ್ಲಿ ಎರಡು ಕಣ್ಣಿಗೂ ಪೊರೆ ಬಂದ ಒಬ್ಬರು ಅಜ್ಜಿ ಕೂತಿದ್ದರು. ದೊಡ್ಡಮ್ಮ ಎಲೆಯಡಿಕೆ ಬಿಚ್ಚುವಷ್ಟರಲ್ಲಿ ಅವರ ಕಥೆಯೆಲ್ಲ ಹೊರಬಂತು. ಮಗಳ ಬಾಣಂತನಕ್ಕೆಂದು ಒಳನಾಡಿನಿಂದ ಬಂದವರು, ಬಂದಲ್ಲೇ ಚಳಿಜ್ವರ ಹಿಡಿದಿತ್ತು. ಜ್ವರ ಬಿಟ್ಟ ಕೂಡಲೇ ಮದ್ದು ನಿಲ್ಲಿಸಿದ್ದರಿಂದ ಅಳಿಯ ಸಿಟ್ಟಾಗಿ ಇಲ್ಲಿ ತಂದು ಕೂರಿಸಿ, ಸಾಮಾನು ತರಲು ಸಂತೆಗೆ ಹೋಗಿದ್ದ.

ಮೇಟ್ರನ್ ಮಂಗಳೂರಿನವರು. ಬಿಳಿ ಸೀರೆ, ಪುಸ್ತಕದ ಕನ್ನಡ. ಪುಟ ಕೊಟ್ಟು ಓದಿಸಿದರು. ಸೂಯಿಂಗ್ ಓದಿದಳು. ಪ್ರಶ್ನೆ ಕೇಳಿದರು. ಅವಳು ಪ್ರತಿಯೊಂದಕ್ಕೂ ಬೆರಳಿಟ್ಟು, ಇದ್ದಷ್ಟೇ ಹೇಳಿದಳು. ಕೊನೆಯ ಪ್ರಶ್ನೆಯ ಉತ್ತರ ಪುಟದಲ್ಲಿ ಇರಲಿಲ್ಲ. ಇಲ್ಲಿ ಬರೆದಿಲ್ಲ ಎಂದಳು. ಮೇಟ್ರನ್ ತಲೆದೂಗಿದರು.

ಆದರೆ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: “ಓದು ಸರಿಯಾಗಿದೆ. ನನ್ನ ಅನುಮಾನ ಬೇರೆ. ಇವಳು ಪರದೇಶದವಳು. ನಮ್ಮ ಹಳ್ಳಿಯವರಿಗೆ ತಿಳಿಯುವ ಹಾಗೆ ಹೇಳಬಲ್ಲಳೇ? ಇವಳ ಕೈಯಿಂದ ಅವರು ಔಷಧಿ ಕುಡಿಯುತ್ತಾರೆಯೇ? ಕುಡಿಯದಿದ್ದರೆ ಇವಳಿಗೆ ಕಲಿಸಿ ಏನು ಪ್ರಯೋಜನ?”

ನನಗೆ ಸಿಟ್ಟು ಬಂತು. ಆದರೆ ನಾವೇ ಆಗ ಎಷ್ಟು ಮನೆಗಳಲ್ಲಿ ನೀರು ಕುಡಿಯುತ್ತಿದ್ದೆವು?

ಮೇಟ್ರನ್ ಚಳಿಜ್ವರದ ಇಂಗ್ಲಿಷ್ ಸೂಚನೆಯ ಹಾಳೆಯೊಂದನ್ನು ಸೂಯಿಂಗ್ ಕೈಗೆ ಕೊಟ್ಟು, ಬೆಂಚಿನ ಅಜ್ಜಿಯನ್ನು ತೋರಿಸಿದರು. “ನಾನು ಬೆಳಗಿನಿಂದ ಹೇಳಿ ಸಾಕಾಯಿತು. ನೀನು ಹೇಳು.”

ಸೂಯಿಂಗ್ ಹಾಳೆಯನ್ನು ಒಮ್ಮೆ ಪೂರ್ತಿ ಓದಿಕೊಂಡಳು. ಹೋಗಿ ಅಜ್ಜಿಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಕೂಟದಲ್ಲಿ ಅರ್ಥಧಾರಿ ಕೂರುವುದು ಹಾಗೆಯೇ. ಮತ್ತೆ ಎಲ್ಲಿಂದ ಶುರು ಮಾಡುತ್ತಾಳೋ ಎಂದು ನಾನು ಹತ್ತಿರ ಹೋಗಿ ನಿಂತೆ.

“ಅಜ್ಜಿ, ಜ್ವರ ಹೋಯ್ತ್ ಅಂದೇಳಿ ನಿಮ್ಗ್ ಯಾರ್ ಹೇಳಿದ್ರ್?”

“ಯಾರ್ ಹೇಳೂದ್? ನನ್ ಮೈ ಹೇಳ್ತ್. ಬಿಸಿ ಇಲ್ಲೆ, ನಡುಕ ಇಲ್ಲೆ. ಮತ್ತೆಂತಕ್ಕೆ ಆ ಕಹಿ ಮದ್ದ್?”

“ವೈರಿ ಬಾಗ್ಲ್ ಬಿಟ್ ಹೋದ್ರೆ ಗೆದ್ದಾಂಗ್ ಆಯ್ತಾ? ಹಾಡಿಯಾಗ್ ಅಡ್ಗಿ ಕೂತಿರ್ತ. ಮನಿಯರ್ ನಿದ್ರಿ ಮಾಡೂದನ್ನೇ ಕಾಯ್ತ.”

ಅಜ್ಜಿ ತಲೆ ಎತ್ತಿದರು. ಕೂಟ ಕೇಳಿ ಬೆಳೆದ ಜೀವ. ಎದುರಾಳಿ ಸಿಕ್ಕಿದ್ದು ಅವರಿಗೆ ಗೊತ್ತಾಯಿತು.

“ಅವ ಕೂತ್ಕಳ್ಳಿ. ನಂಗೂ ವಯಸ್ಸಾಯ್ತ್, ಅವ್ನಿಗೂ ವಯಸ್ಸಾತ್ತ್.”

ಬೆಂಚಿನಲ್ಲಿದ್ದವರು ನಕ್ಕರು. ಸೂಯಿಂಗ್ ಹಾಳೆಯ ಮೇಲೆ ಬೆರಳಿಟ್ಟಳು. ಮದ್ದು ನಡುವೆ ಬಿಟ್ಟರೆ ಜ್ವರ ಮರಳುತ್ತದೆ, ಸೊಳ್ಳೆಯ ಮೂಲಕ ಮನೆಯ ಇತರರಿಗೂ ಹರಡುತ್ತದೆ ಎಂದು ಅಲ್ಲಿತ್ತು.

“ಇಲ್ಲ್ ಹಾಂಗ್ ಬರಿಲ್ಲೆ ಅಜ್ಜಿ. ಅವ ಒಬ್ನೇ ಬತ್ತಿಲ್ಲೆ ಅಂದೇಳಿ ಬರ್ದಿದ್ರ್. ನುಸಿ ಬೆನ್ನ್ ಹತ್ತಿ ಬತ್ತ. ನೀವ್ ಗಟ್ಟಿಯರ್, ತಡ್ಕಂತ್ರಿ. ನಿಮ್ಮನ್ ಕಚ್ಚಿದ್ ನುಸಿ ಬಾಣಂತಿ ಕೋಣಿಗ್ ಹೋಪುದಿಲ್ಯಾ? ಅಲ್ಲ್ ಮಲ್ಕಂಡದ್ದ್ ಎಷ್ಟ್ ದಿನದ್ ಶಿಶು? ಅದಕ್ಕ್ ಬಂದ್ ಅವ ನಿಮ್ಮ್ ಹೆಸ್ರ್ ಹೇಳ್ರೆ ನಿಮ್ಮ್ ಉತ್ರ ಎಂತ?”

ದೊಡ್ಡಪ್ಪನಾಗಿದ್ದರೆ ಇದರ ಮೇಲೆ ಇನ್ನೂ ಅರ್ಧ ಗಂಟೆ ಹೇಳುತ್ತಿದ್ದರು. ಇವಳು ಹಾಳೆಯಲ್ಲಿದ್ದದ್ದು ಮುಗಿಯಿತೆಂದು ಅಲ್ಲಿಗೇ ನಿಲ್ಲಿಸಿದಳು. ನನಗೆ ಖುಷಿಯಿಂದ ಕಣ್ಣು ತುಂಬಿತು.  ಜೊತೆಗೆ ಹೊಟ್ಟೆಕಿಚ್ಚೂ ಆಯಿತು ಎಂದು ಹೇಳಿಬಿಡುತ್ತೇನೆ. ನಾಲ್ಕು ಜನರ ನಡುವೆ ಕೂತು ಅರ್ಥ ಹೇಳುವ ಭಾಗ್ಯ ನನ್ನ ಜನ್ಮದಲ್ಲಿ ಬರಲಿಲ್ಲ, ಅವಳಿಗೆ ಬಂತು.

ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. “ತಾ ಕಾಂಬ,” ಎಂದರು. ಸೂಯಿಂಗ್ ಎದ್ದು ಹೋಗಿ ಮದ್ದನ್ನು ಚಮಚಕ್ಕೆ ಬಗ್ಗಿಸಿ ಅವರ ಬಾಯಿಯ ಹತ್ತಿರ ಹಿಡಿದಳು. ಅಜ್ಜಿ ಬಾಯಿ ತೆರೆಯಲಿಲ್ಲ. ಅವಳ ಮಣಿಕಟ್ಟು ಹಿಡಿದು ತಡೆದರು.

“ಚಂದ ಅರ್ಥ ಹೇಳ್ತೆ ಮಗಾ. ಯಾರ್ ಮನಿ ಹೆಣ್ಣ್ ನೀನ್?”

ಅಜ್ಜಿಗೆ ಕಣ್ಣು ಕಾಣದು. ಮಾತು ಕೇಳಿದರೆ ಅಪ್ಪಟ ಕುಂದಾಪ್ರದ್ದು. ಯಾವುದಾದರೂ ಒಂದು ಮನೆಯ ಹೆಸರು ಹೇಳಿದ್ದರೆ ನಡೆದುಹೋಗುತ್ತಿತ್ತು. ದೊಡ್ಡಮ್ಮ ನಮ್ಮ ಮನೆಯ ಹೆಸರನ್ನೇ ಹೇಳಲೆಂದು ಬಾಯಿ ತೆರೆದದ್ದೂ ನನಗೆ ಕಂಡಿತು. ಮೇಟ್ರನ್ ಎದ್ದು ನಿಂತಿದ್ದರು.

“ಚೀನದ್ದ್ ಅಜ್ಜಿ,” ಎಂದಳು ಸೂಯಿಂಗ್. “ಕುಂದಾಪ್ರದ ಹಲ್ಲಿನ್ ಡಾಕ್ಟ್ರ್ ಮಗಳ್.”

ಅಜ್ಜಿ ಮಣಿಕಟ್ಟು ಬಿಡಲಿಲ್ಲ.

“ಚೀನ ಅಂದ್ರೆ ಬೈಂದೂರಿಂದ ಆಚೆಯಾ?”

“ಹೌದಜ್ಜಿ. ಸುಮಾರ್ ಆಚೆ.”

“ಅಷ್ಟ್ ದೂರದಿಂದ ಬಂದ್ಯಾ, ಮಗಾ,” ಎಂದು ಅಜ್ಜಿ ಬಾಯಿ ತೆರೆದರು. ಮೇಟ್ರನ್ ಕೂತು, ಆರಿಸಿದವರ ಪಟ್ಟಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.